ಎರಡನೇ ಡಿಸ್ಕ್

ಖಾನಾಪುರ
೧೨ ಜೂನ್ ೨೦೦೦

ಜಿನಮತಿ ಮೇಡಂ ಅವರಿಗೆ ಗಜಾನನನ ನಮಸ್ಕಾರ.

ಹೋದ ತಿಂಗಳು ನಿಮ್ಮ ಕಾಲೇಜಿನಾಗ ಲಿನಕ್ಸ್ ಶಿಬಿರ ಆತಲ್ಲರೀ, ಅಲ್ಲಿ ಹಿಂದಿನ ಸಾಲಿನಾಗ ಹೆಂಡತಿ ರೂಪಾಲಿ ಜೋಡಿ ಕುಂತಿದ್ದ ಕುರುಡ ನಾನು. ಎಲ್ಲಾ ಮುಗಿದ ಮ್ಯಾಲ ನೀವು ಬಂದು ಮಾತಾಡಿಸಿ ವಿಳಾಸ ಕೊಟ್ಟಿದ್ರಿ. ಇಲ್ಲಿ ಹಂಚಿನ ಫ್ಯಾಕ್ಟರಿಯೊಳಗ ಟೆಲಿಫೋನ್ ಆಪರೇಟರ್ ಅದೀನಿ. ಈ ಪತ್ರ ನಾನ ಟೈಪ್ ಮಾಡೀನಿ, ತಪ್ಪಿದ್ರ ತಿದ್ದಿಕೊಂಡು ಓದ್ರಿ. ನೀವು ಬರೆದ್ರ ರೂಪಾಲಿ ಓದಿ ಹೇಳ್ತಾಳ.

ನಮ್ಮ ಕೆಲಸ ಏನಂದ್ರ, ಹತ್ತನೇ ಇಯತ್ತೆಯ ಪುಸ್ತಕಗಳನ್ನ ಬ್ರೈಲ್‌ಗೆ ಇಳಿಸೂದು. ಆಕಿ ಓದ್ತಾಳ, ನಾ ಕಂಪ್ಯೂಟರ್‌ನಾಗ ಹೊಡೀತೀನಿ. ಬೆಳಗಾವಿ ವಡಗಾವಿಯ ನೇಕಾರರ ಮನಿ ಹುಡುಗಿ ಪ್ರಮಿಳಾ ಅಂತ ಒಬ್ಬಾಕಿ ಅದಾಳ, ನನ್ನಂಗ ಹುಟ್ಟಾ ಕಾಣೂದಿಲ್ಲ. ಬರೂ ವರ್ಷ ಪರೀಕ್ಷಾಕ ಕುಂದರಾಕಿ. ಕನ್ನಡ ಪುಸ್ತಕ ಮುಗಿಸಿ ಅಚ್ಚು ಹಾಕಿಸಿ ಕೊಟ್ಟೀವಿ. ಬೆರಳಾಡಿಸಿ ಆಡಿಸಿ ಚುಕ್ಕಿ ಸವದು ಹೋಗ್ಯಾವ ಅಂತ ಆಕಿ ಅವ್ವ ಫೋನ್ ಮಾಡಿದ್ರು. ಈಗ ಸಮಾಜ ವಿಜ್ಞಾನ ನಡದೈತಿ. ಭಾಳ ದಪ್ಪ ಪುಸ್ತಕರೀ ಅದು.

ನನ್ನ ಅಡಚಣಿ ಇಷ್ಟ. ಕಂಪ್ಯೂಟರ್ ಹಳೇದು, ಅದರ ಡಿಸ್ಕ್ ಈಚೀಚೆಗೆ ಕರಕರ ಅನ್ನಾಕ ಹತ್ತೇತಿ. ಹೊಸಾದೊಂದು ಡಿಸ್ಕ್ ಬಂದೈತಿ. ಅದನ್ನ ತಯಾರ ಮಾಡಿ ಎಲ್ಲಾ ಬರಹ ಅದಕ್ಕ ಹಾಕಬೇಕು. ಆದ್ರ ಡಿಸ್ಕ್ ಪೂರಾ ಅಳಿಸಿ ತಯಾರ ಮಾಡೋ ಟೂಲ್ ಪರದೆ ಮ್ಯಾಲ ಚೌಕ ಚೌಕ ಚಿತ್ರ ಬಿಡಸತೈತಂತ. ನನ್ನ ಬಾಜೂಕ ಒಂದು ಮಾತಾಡೋ ಡಬ್ಬಿ ಐತಿ, ಪರದೆಗೆ ಬಂದ ಸಾಲನ್ನ ಗೊಗ್ಗರ ದನಿಯಾಗ ಓದತೈತಿ. ಚಿತ್ರ ಬಂದ್ರ ಅದು ಮೂಕ. ರೂಪಾಲಿಗೆ ಇಂಗ್ಲಿಷ್ ಬರೂದಿಲ್ಲ, ಒಂದೊಂದ ಅಕ್ಷರ ಹೇಳ್ತಾಳ. ಅಷ್ಟರಾಗ ಇಬ್ಬರಿಗೂ ಸಿಟ್ಟು ಬರತೈತಿ.

ಈ ಲಿನಕ್ಸ್ ಸಿಸ್ಟಮ್ ಯಾರೊಬ್ಬರದೂ ಅಲ್ಲ, ಬೇಕಾದವರು ತಿದ್ದಬಹುದು ಅಂತ ನೀವು ಶಿಬಿರದಾಗ ಹೇಳಿದ್ರಿ. ನಂಗ ತಿದ್ದಾಕ ಬರೂದಿಲ್ಲ. ಅದಕ್ಕ ನಿಮ್ಮನ್ನ ಕೇಳ್ತೀನಿ. ಆ ಟೂಲ್ ಚಿತ್ರ ಬಿಟ್ಟು, ಒಂದು ಸಾಲಿನಾಗ ಒಂದು ಪ್ರಶ್ನಿ ಕೇಳೂ ಹಂಗ ಆಗಬಹುದೇನ್ರಿ?

ಗಜಾನನ

*

ಅನಗೋಳ, ಬೆಳಗಾವಿ
೨೧ ಜೂನ್ ೨೦೦೦

ಗಜಾನನ ಅವರೇ,

ನಿಮ್ಮ ಪತ್ರದಾಗ ಒಂದೂ ತಪ್ಪಿಲ್ಲ. ನನ್ನ ವಿದ್ಯಾರ್ಥಿಗಳು ನಿಮ್ಮಷ್ಟು ನೀಟಾಗಿ ಬರಿಯೂದಿಲ್ಲ.

ಆಗತದ, ಮಾಡ್ತೀನಿ. ಆ ಟೂಲ್ ನೋಡಿಕೊಳ್ಳೋರು ಹೊರದೇಶದ ಕೆಲವರು. ನಾವು ತಿದ್ದಿದ್ದನ್ನ ಇ-ಮೇಲ್‌ನಾಗ ಕಳಿಸಿದ್ರ ಓದಿ, ಒಪ್ಪಿಗೆ ಆದ್ರ ಸೇರಿಸ್ತಾರ. ಆಮ್ಯಾಲ ಹೊಸ ಸಿಡಿ ಬಂದಾಗ ಅದು ಎಲ್ಲಾ ದೇಶಕ್ಕೂ ಹೋಗತದ. ನಿಮ್ಮ ವಿಷಯ ಅವರಿಗೆ ಬರದೀನಿ. ನೋಡ್ತೀವಿ ಅಂದಾರ.

ನಾನು ಇ-ಮೇಲ್ ಕಳಿಸೂದು ಅಂದ್ರ ಮನ್ಯಾಗ ಫೋನ್ ಬಂದ್ ಆಗೂದು. ನಮ್ಮಪ್ಪ ತವನಪ್ಪನವರು ಬಾಗಲಾಗ ನಿಂತು, ಅಮೇರಿಕಾದವರ ಜೋಡಿ ಮಾತು ಮುಗೀತಾ, ನಿನ್ನ ಸೋದರಮಾವ ಫೋನ್ ಮಾಡಾವ ಇದ್ದಾನ ಅಂತಾರ. ಕಾಲೇಜಿನಾಗೂ ಇದನ್ನ ಕೆಲಸ ಅಂತ ಯಾರೂ ಎಣಿಸೂದಿಲ್ಲ. ಆದ್ರ ನಿಮ್ಮ ಪತ್ರ ಓದಿದ ಮ್ಯಾಲ ನಂಗ ಒಂದು ಹುರುಪು ಬಂದದ.

ಟೂಲ್ ಏನೇನು ಹೇಳಬೇಕು, ಹೆಂಗ ಹೇಳಬೇಕು ಬರೀರಿ. ಕೇಳೋ ಕಿವಿ ನಿಮ್ಮದು.

ಜಿನಮತಿ

*

ಖಾನಾಪುರ
೨ ಜುಲೈ ೨೦೦೦

ಜಿನಮತಿ ಮೇಡಂ,

ನಿಮ್ಮ ಪತ್ರ ರೂಪಾಲಿ ಮತ್ತ ಮತ್ತ ಓದಿದ್ಳು. ನಿಮ್ಮಪ್ಪನ ಮಾತಿಗೆ ನಕ್ಕಳು.

ನಾ ಹೇಳೂದು ಇಷ್ಟ: ಮಾತು ಕಡಿಮಿ ಇರಲಿ. ಈ ಡಬ್ಬಿ ಭಾಳ ಸಾವಕಾಶ ಓದತೈತಿ. ಈಗಿನ ಟೂಲ್ ಡಿಸ್ಕಿನ ಕಂಪನಿ ಹೆಸರು, ನಂಬರು, ಅಳತಿ, ಏನೇನೋ ಅಂಕಿ ಎಲ್ಲಾ ತೋರಸತೈತಂತ. ಅದನ್ನೆಲ್ಲಾ ಓದಿ ಮುಗಸೂದರಾಗ ಮೊದಲು ಏನು ಕೇಳಿತ್ತು ಅನ್ನೂದ ಮರತು ಹೋಗತೈತಿ. ನನ್ನಂಥಾವಗ ಒಂದನೇ ಡಿಸ್ಕ್, ಎರಡನೇ ಡಿಸ್ಕ್ ಅಂದ್ರ ಸಾಕು. ಯಾವುದು ಅಂತ ಕೇಳಲಿ, ನಾ ಒತ್ತತೀನಿ, ಮುಗೀತು.

ಕಣಕುಂಬಿ ಕಡಿ ಮಳಿ ಹಿಡದೈತಿ. ಅಲ್ಲಿ ಮಳಿ ಬಂದ್ರ ಇಲ್ಲಿ ಕರೆಂಟ್ ಹೋಗತೈತಿ. ಕರೆಂಟ್ ಬಂದಾಗ ಸಿಕ್ಕಷ್ಟ ಹೊಡೀತೀವಿ. ಕಿತ್ತೂರು ಪಾಠ ಓದುವಾಗ ರೂಪಾಲಿ ದನಿ ತಾನ ಏರತೈತಿ. ಜರಾ ಸಣ್ಣಗ ಓದು, ನಾ ಬ್ರಿಟಿಷರಾಂವ ಅಲ್ಲ ಅಂದೆ.

ಗಜಾನನ

*

ಅನಗೋಳ
೧೮ ಆಗಸ್ಟ್ ೨೦೦೦

ಗಜಾನನ ಅವರೇ,

ಟೂಲ್ ಆತು. ಈ ಪತ್ರದ ಜೋಡಿ ಫ್ಲಾಪಿ ಇಟ್ಟೀನಿ. ಅದನ್ನ ಹಾಕಿ ಕಂಪ್ಯೂಟರ್ ಚಾಲು ಮಾಡ್ರಿ, ಡಬ್ಬಿ ಮೊದಲಿನಿಂದ ಮಾತಾಡತದ. ನೀವು ಹೇಳಿದಂಗ ಕಂಪನಿ, ಅಳತಿ ಎಲ್ಲಾ ತಗದೀನಿ. ಎಷ್ಟು ಚಂದ ಆಗ್ಯದ ಅಂದ್ರ, ನಾನು ಕಣ್ಣು ಮುಚ್ಚಿಕೊಂಡು ಮಾಡಿ ನೋಡಿದೆ. ನನ್ನ ಕಂಪ್ಯೂಟರ್‌ನಾಗ ಬರೋಬರಿ ನಡೀತು.

ಹೋದ ರವಿವಾರ ವಡಗಾವಿಗೆ ಹೋಗಿ ಪ್ರಮಿಳಾನ್ನ ನೋಡಿ ಬಂದೆ. ಮಗ್ಗದ ಸಪ್ಪಳದಾಗ ಮಾತು ಕೇಳೂದಿಲ್ಲ, ಆಕಿ ನನ್ನ ಕೈ ಹಿಡಕೊಂಡು ಹಿತ್ತಲಕ್ಕ ಕರಕೊಂಡು ಹೋದ್ಳು. ಇತಿಹಾಸದ ಪುಸ್ತಕ ಎಂದ ಬರತದ ಅಂತ ಕೇಳಿದ್ಳು. ಆಕಿ ಅಪ್ಪಗ ಈ ಓದು ಅಷ್ಟಾಗಿ ಮನಸಿಗೆ ಬಂದಿಲ್ಲ. ಆದ್ರ ಬ್ಯಾಡ ಅಂದಿಲ್ಲ.

ಮಾಡಿ ನೋಡಿ ಬರೀರಿ. ನೀವು ಸರಿ ಅಂದ ಮ್ಯಾಲ ನಾನು ಅವರಿಗೆ ಕಳಿಸ್ತೀನಿ.

ಜಿನಮತಿ

*

ಖಾನಾಪುರ
೩ ಸೆಪ್ಟೆಂಬರ್ ೨೦೦೦

ಜಿನಮತಿ ಮೇಡಂ,

ಫ್ಲಾಪಿ ಮುಟ್ಟಿತು. ಹಾಕಿ ನೋಡಿದೆ. ಎಲ್ಲಾ ಪ್ರಶ್ನಿ ಸ್ವಚ್ಛ ಕೇಳಸ್ತಾವ. ಯಾರ ಸಹಾಯ ಇಲ್ಲದ ನಾನ ಮಾಡಿದೆ.

ನೀವು ತಗೊಂಡ ತ್ರಾಸಿಗೆ ನಾವಿಬ್ಬರೂ ಋಣಿ.

ಗಜಾನನ

*

ಅನಗೋಳ
೨೫ ಸೆಪ್ಟೆಂಬರ್ ೨೦೦೦

ಗಜಾನನ ಅವರೇ,

ಒಪ್ಪಿಗೆ ಆತು. ಟೂಲ್ ಸೇರಿಸಿದ್ರು. ನವೆಂಬರ್‌ನಾಗ ಬರೂ ಸಿಡಿಯೊಳಗ ಅದು ಇರತದ. ಪರೀಕ್ಷಿಸಿದವರು ಅಂತ ನಿಮ್ಮ ಹೆಸರು, ಊರು ಹಾಕೀನಿ. ಖಾನಾಪುರ ಅನ್ನೂ ಹೆಸರು ಅದರಾಗ ಇದ ಮೊದಲ ಸಲ ಬಂದಿರಬೇಕು.

ಈಗ ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡಿಕೋಬ್ಯಾಡ್ರಿ. ಜೂನ್‌ನಾಗ ಅವರು ನೋಡ್ತೀವಿ ಅಂದಿರಲಿಲ್ಲ. ಬ್ಯಾಡ ಅಂದಿದ್ರು. ಡಿಸ್ಕ್ ಟೂಲ್ ವಾಪರೋ ಕುರುಡರು ಎಷ್ಟ ಮಂದಿ ಇದ್ದಾರು, ಅವರಿಗೆ ಯಾರಾದ್ರೂ ಮಾಡಿ ಕೊಡ್ತಾರ, ಅದಕ್ಕಂತ ಬ್ಯಾರೆ ಟೂಲ್ ಯಾಕ ಅಂತ ಕೇಳಿದ್ರು. ನಿಮಗ ಹೇಳಾಕ ಮನಸಾಗಲಿಲ್ಲ. ಈಗ ನಿಮ್ಮ ಪತ್ರದ ಮಾತನ್ನ ಅವರಿಗೆ ಹೇಳಿದೆ, ಯಾರ ಸಹಾಯ ಇಲ್ಲದ ಒಬ್ಬರು ಮಾಡ್ಯಾರ ಅಂತ. ಅದಕ್ಕ ಒಪ್ಪಿದ್ರು. ಅಂದ್ರ ಇದು ಸೇರಿದ್ದು ನಿಮ್ಮಿಂದ.

ನಿಮ್ಮ ಪತ್ರ ಮಾತ್ರ ಭಾಳ ಸಣ್ಣದು. ಟೂಲ್ ಮನಸಿಗೆ ಬರಲಿಲ್ಲೇನೋ ಅಂತ ನಂಗ ಅನಸ್ತು. ಅಥವಾ ಫ್ಯಾಕ್ಟರಿ ಕೆಲಸದ ಗಡಿಬಿಡಿ ಇರಬೇಕು. ಏನಾರ ಕೊರತಿ ಇದ್ರ ಈಗ ಹೇಳ್ರಿ. ಅಕ್ಟೋಬರ್ ನಡುವಿನ ತನಕ ತಿದ್ದಾಕ ಬರತದ.

ಜಿನಮತಿ

*

ಖಾನಾಪುರ
೨೦ ಅಕ್ಟೋಬರ್ ೨೦೦೦

ಜಿನಮತಿ ಮೇಡಂ,

ಉತ್ತರ ಬರಿಯಾಕ ತಡ ಆತು. ರೂಪಾಲಿಗೆ ಜ್ವರ ಬಂದಿತ್ತು. ಹೆಸರು ಹಾಕಿದ್ದು ಕೇಳಿ ಫ್ಯಾಕ್ಟರಿಯಾಗ ಎಲ್ಲಾರಿಗೂ ಹೇಳಿ ಬಂದಾಳ.

ಕೊರತಿ ಅಂತಲ್ಲ. ಒಂದು ವಿಚಾರ ಬಂತು. ಒಂದನೇದು, ಎರಡನೇದು ಅನ್ನೂದರ ಜೋಡಿ ಡಿಸ್ಕಿನ ಅಳತಿನೂ ಹೇಳಿದ್ರ ಛಲೋ ಆಕ್ಕಿತ್ತೇನೋ. ಕೆಲವರಿಗೆ ಬೇಕಾಗಬಹುದು. ನಂಗ ಅಂತಲ್ಲ.

ಪುಸ್ತಕದ ಕೆಲಸ ನಡದೈತಿ. ಭೂಗೋಳಕ್ಕ ಬಂದೀವಿ ಅಂತ ಪ್ರಮಿಳಾಗ ಹೇಳ್ರಿ.

ಗಜಾನನ

*

ಅನಗೋಳ
೪ ನವೆಂಬರ್ ೨೦೦೦

ಗಜಾನನ ಅವರೇ,

ನಿಮ್ಮ ಪತ್ರ ಓದಿ ನಗು ಬಂತು, ಜರಾ ಸಿಟ್ಟೂ ಬಂತು. ಅಳತಿ ಬ್ಯಾಡ ಅಂದವರು ನೀವ, ತಗಸಿದವರು ನೀವ. ಈಗ ಕೆಲವರಿಗೆ ಬೇಕು ಅಂತ ವಕಾಲತ್ತು ಬ್ಯಾರೆ. ಸಿಡಿ ಅಚ್ಚಿಗೆ ಹೋಗಿ ಆತು. ಮುಂದಿನ ಸಲ ನೋಡೂಣು, ಅವಸರದ್ದೇನಲ್ಲಲ್ಲ?

ಪ್ರಮಿಳಾಗ ಹೇಳಿದೆ. ಭೂಗೋಳ ಅಂದ್ರ ಕಡೀ ಭಾಗ ಅಂತ ಆಕಿಗೆ ಗೊತ್ತದ. ಕ್ರಿಸ್ಮಸ್ ಸೂಟಿ ಹೊತ್ತಿಗೆ ಸಿಗತದ ಅಂತ ಲೆಕ್ಕ ಹಾಕ್ಯಾಳ.

ಜಿನಮತಿ

*

ಅನಗೋಳ
೧೭ ಜನವರಿ ೨೦೦೧

ಗಜಾನನ ಅವರೇ,

ಎರಡು ತಿಂಗಳು ನಾನೂ ಬರೀಲಿಲ್ಲ, ನೀವೂ ಬರೀಲಿಲ್ಲ. ಮೊನ್ನೆ ರವಿವಾರ ಹೇಳದ ಕೇಳದ ನಿಮ್ಮ ಮನಿಗೆ ಯಾಕ ಬಂದಿದ್ದೆ ಅಂತ ನಿಮಗ ಹೇಳಬೇಕು. ಅಲ್ಲಿ ಚಹಾ ಕುಡಿದು, ಮಾತಾಡದ ಎದ್ದು ಬಂದೆ.

ಡಿಸೆಂಬರ್‌ನಿಂದ ನಂಗ ಇ-ಮೇಲ್ ಬರಾಕ ಹತ್ತಿದ್ದವು. ಮೊದಲನೇದು ಪೋಲೆಂಡಿನ ಒಬ್ಬ ಹುಡುಗಿಯದು. ಎರಡನೇ ಡಿಸ್ಕ್ ಅಳಿಸು ಅಂದಾಳ, ಒಂದನೇದು ಅಳಿಸ್ಯದ. ಮುಗಿಯಾಕ ಬಂದಿದ್ದ ಆಕಿ ಪ್ರಬಂಧ ಅದರಾಗಿತ್ತು. ಆಕಿ ತಪ್ಪು ಒತ್ತಿರಬೇಕು ಅಂತ ನಾನು ಉತ್ತರ ಬರದೆ. ಆಮ್ಯಾಲ ಮತ್ತೊಬ್ಬರು, ಮತ್ತೊಬ್ಬರು. ಎಲ್ಲಾರೂ ಕಣ್ಣು ಕಾಣದವರು. ಕಾಣೋರು ಈ ಟೂಲ್ ಯಾಕ ವಾಪರಸ್ತಾರ?

ಆಗ ಕುಂತು ನೋಡಿದೆ. ಒಳಗಿನ ಕೇಬಲ್ ಹಾಕಿದ ಕ್ರಮ ಬ್ಯಾರೆ ಇದ್ರ ನನ್ನ ಟೂಲ್ ಎಣಿಕಿ ತಿರುವುಮುರುವು ಆಗತದ. ಹಳೇದಕ್ಕ ಎರಡನೇದು ಅಂತದ, ಹೊಸಾದಕ್ಕ ಒಂದನೇದು ಅಂತದ. ಅಳತಿ ಹೇಳಿದ್ರ ಗೊತ್ತಾಗಿ ಕೈ ತಡೀತಿತ್ತು. ಆ ಸಾಲು ನಾನ ತಗದಿದ್ದೆ.

ನಿಮ್ಮ ಅಕ್ಟೋಬರ್ ಪತ್ರ ನೆನಪಾತು. ಸುಮ್ನ ಕೇಳಿ ಬರೂಣು ಅಂತ ಬಸ್ ಹತ್ತಿದೆ. ನಿಮ್ಮ ಬಾಗಲಾಗ ಚಪ್ಪಲಿ ಬಿಡಾಕ ನಿಂತಾಗ ಒಳಗ ರೂಪಾಲಿ ಓದೋದು ಕೇಳಸ್ತು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಅಂತ. ಭೂಗೋಳಕ್ಕ ಬಂದೀವಿ ಅಂದವರು ಮೊದಲನೇ ಪಾಠದಾಗ ಇದ್ರಿ. ಆಗ ನಂಗ ಕೇಳೂದು ಉಳೀಲಿಲ್ಲ.

ನಿಮ್ಮ ಹೆಂಡತಿ ನನ್ನನ್ನ ಬಸ್ ಸ್ಟ್ಯಾಂಡ್ ತನಕ ಕಳಿಸಾಕ ಬಂದ್ರು. ಬಸ್ ಬಂದ ಮ್ಯಾಲ ಇಷ್ಟ ಅಂದ್ರು: “ಬರದದ್ದೆಲ್ಲಾ ಸೆಪ್ಟೆಂಬರ್‌ನಾಗ ಹೋತ್ರಿ. ಹೇಳೂಣು ಅಂದೆ, ಅವರು ಬ್ಯಾಡ ಅಂದ್ರು.”

ಸೆಪ್ಟೆಂಬರ್‌ನಾಗ ನೀವು ಹೇಳಿದ್ರ ಸಿಡಿ ನಿಲ್ಲಸ್ತಿದ್ದೆ. ಅಳಿಸಿದ ಡಿಸ್ಕಿನಿಂದ ಹೊಸದಾಗಿದ್ದಾಗ ಎಷ್ಟೋ ತಗಿಯಾಕ ಬರತದ, ನಿಮ್ಮ ಪುಸ್ತಕನೂ ಅರ್ಧಾ ಆದ್ರೂ ಸಿಗತಿತ್ತು. ಈಗ ಆ ಸಿಡಿ ಯಾವ ಯಾವ ದೇಶದಾಗ, ಯಾರ ಯಾರ ಮೇಜಿನ ಮ್ಯಾಲ ಅದಾವ ನಂಗ ಗೊತ್ತಿಲ್ಲ. ಎಚ್ಚರಿಕೆ ಬರದು ಹಾಕೀನಿ. ಅದನ್ನ ಓದಬೇಕಂದ್ರ ಅವರಿಗೆ ಇಂಟರ್ನೆಟ್ ಇರಬೇಕು. ಇಲ್ಲದವರು ಇವತ್ತೂ ಆ ಸಿಡಿ ಹಾಕ್ತಿರ್ತಾರ. ಅದನ್ನ ತಡಿಯಾಕ ನನ್ನ ಕಡಿ ಏನೂ ಇಲ್ಲ.

ಡಿಸ್ಕ್ ತಗದು ನಂಗ ಕಳಿಸ್ರಿ.

ಜಿನಮತಿ

*

ಖಾನಾಪುರ
೨೯ ಜನವರಿ ೨೦೦೧

ಜಿನಮತಿ ಮೇಡಂ,

ನಿಮ್ಮ ಪತ್ರ ರೂಪಾಲಿ ಒಂದ ಸಲ ಓದಿದ್ಳು. ಮತ್ತೊಮ್ಮೆ ಓದು ಅನ್ನಾಕ ನಂಗ ಆಗಲಿಲ್ಲ.

ಆ ದಿನ ಏನಾತು ಹೇಳ್ತೀನಿ. ಎರಡನೇ ಡಿಸ್ಕ್ ಅಂದ್ರ ಹೊಸಾದು ಅಂತ ತಿಳಿದು ಒತ್ತಿದೆ. ಆತು ಅಂತು ಡಬ್ಬಿ. ಅದರ ಮ್ಯಾಲ ಸಿಸ್ಟಮ್ ಹಾಕಿದೆ. ಎಲ್ಲಾ ನಾನ, ಒಬ್ಬನ. ಖರೇ ಹೇಳ್ತೀನಿ, ಅವತ್ತಿನಷ್ಟು ಹಿಗ್ಗು ನಂಗ ಯಾವತ್ತೂ ಆಗಿರಲಿಲ್ಲ. ರೂಪಾಲಿಗೆ ನೀ ಒಳಗ ಬರಬ್ಯಾಡ ಅಂತ ಹೇಳಿ ಮಾಡಿದ್ದೆ. ಆಮ್ಯಾಲ ಪುಸ್ತಕ ತಗಿ ಅಂದ್ರ ಡಬ್ಬಿ ಏನೂ ಇಲ್ಲ ಅಂತು. ಇನ್ನೊಂದರಾಗ ಹುಡುಕು ಅಂದೆ. ಅಲ್ಲೂ ಏನೂ ಇಲ್ಲ ಅಂತು. ಆಕಿನ್ನ ಕರದೆ. ಆಕಿ ಬಂದು ನನ್ನ ಬಾಜೂಕ ಕುಂತಳು. ಆಕಿಗೆ ತಿಳೀತು ಅನ್ನೂದು ಆಕಿ ಉಸಿರಿನಿಂದ ಗೊತ್ತಾತು.

ನಾನ ತಪ್ಪು ಒತ್ತೀನಿ ಅಂತ ತಿಳಿದಿದ್ದೆ. ಕುರುಡ ಅಂದ ಮ್ಯಾಲ ಮೊದಲು ತನ್ನ ಮ್ಯಾಲನ ಸಂಶಯ ಬರತೈತಿ. ನಿಮಗ ಹೇಳಿದ್ರ ನೀವು ನೊಂದುಕೋತೀರಿ ಅಂತ ಬಿಟ್ಟೆ. ಅಷ್ಟರಾಗ ನಿಮ್ಮ ಇನ್ನೊಂದು ಪತ್ರ ಬಂತು. ಕುರುಡರು ಎಷ್ಟ ಮಂದಿ ಅಂತ ಅವರು ಕೇಳಿದ್ದು, ನಾ ಒಬ್ಬನ ಮಾಡೀನಿ ಅಂದದ್ದಕ್ಕ ಒಪ್ಪಿದ್ದು. ಅದನ್ನ ಕೇಳಿದ ಮ್ಯಾಲ ನನ್ನ ಕೈ ನಿಂತು ಹೋದವು. ಮೊದಲನೇ ಕುರುಡನೇ ಬರಹ ಕಳಕೊಂಡಾನ ಅಂತ ಗೊತ್ತಾದ್ರ ಟೂಲ್ ತಗದು ಒಗೀತಾರ, ಮತ್ತ ನಮ್ಮಂಥವರ ಸಲುವಾಗಿ ಯಾರೂ ಏನೂ ಮಾಡೂದಿಲ್ಲ ಅನಸ್ತು. ಬ್ಯಾರೆಯವರಿಗೂ ಹಿಂಗ ಆದೀತು ಅಂತ ಜರಾ ಅಂಜಿಕಿ ಇತ್ತು. ಅದಕ್ಕ ಅಳತಿ ಮಾತು ಬರದೆ. ಅದನ್ನ ಧೈರ್ಯವಾಗಿ ಬರೀಬೇಕಿತ್ತು. ಬರೀಲಿಲ್ಲ.

ಪೋಲೆಂಡ್ ಎಲ್ಲಿ ಐತಿ ಅಂತ ರೂಪಾಲಿ ಭೂಗೋಳದ ಪುಸ್ತಕದಾಗ ಹುಡುಕಿದ್ಳು. ಆ ಹುಡುಗಿಗೆ ನಾ ಏನಂತ ಹೇಳಲಿ?

ಡಿಸ್ಕ್ ಹಂಚಿನ ಲಾರಿಯವರ ಕೈಯಾಗ ಕಳಿಸೀನಿ. ಹೊಸ ವರ್ಷಕ್ಕ ಮೊದಲಿನಿಂದ ಸುರು ಮಾಡಿದ ಬರಹ ಹೊಸಾದಕ್ಕ ಹಾಕಿಕೊಂಡೀವಿ, ಫ್ಯಾಕ್ಟರಿ ಕಂಪ್ಯೂಟರಿನ ಹುಡುಗರು ಮಾಡಿ ಕೊಟ್ರು. ನಾ ಮುಟ್ಟಲಿಲ್ಲ.

ಗಜಾನನ

*

ಅನಗೋಳ
೧೫ ಮೇ ೨೦೦೧

ಗಜಾನನ ಅವರೇ,

ಡಿಸ್ಕ್ ತಿರುಗಿ ಕಳಿಸೀನಿ. ಕಾಲೇಜಿನಾಗ ನೋಡಿದೆ, ಪುಣೆಯ ಪರಿಚಯದವರಿಂದನೂ ನೋಡಿಸಿದೆ. ಏನೂ ಸಿಗಲಿಲ್ಲ. ಅಳಿಸಿದ ದಿನಾನ ತಂದಿದ್ರೂ ಏನೂ ಸಿಗತಿರಲಿಲ್ಲ ಅಂತ ಅವರಂದ್ರು. ಹಂಗಾಗಿ ಅದನ್ನ ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ. ಅದರಾಗಿದ್ದ ಚೂರುಪಾರು ನಾನ ಪೂರಾ ಅಳಿಸೀನಿ, ಖಾಲಿ ಡಿಸ್ಕ್ ಅಂತ ವಾಪರಸಬಹುದು.

ಟೂಲ್ ತಿದ್ದೀನಿ. ಈಗ ಡಿಸ್ಕಿನ ಅಳತಿ ಹೇಳತದ, ಕಂಪನಿ ಹೆಸರು ಹೇಳತದ, ಒಳಗ ಬರಹ ಅದನೋ ಇಲ್ಲೋ ನೋಡಿ ಹೇಳತದ, ಆಮ್ಯಾಲ ಕೇಳತದ. ಭಾಳ ಮಾತಾತು, ಆಗಲಿ. ಇದನ್ನ ಅವರು ಒಂದ ದಿನದಾಗ ಸೇರಿಸಿದ್ರು, ಒಂದು ಮಾತು ಆಡಲಿಲ್ಲ. ತಪ್ಪು ನನ್ನದು ಅಂತ ನಾ ಬರದದ್ದಕ್ಕ ಆ ಪೋಲೆಂಡಿನ ಹುಡುಗಿ ಉತ್ತರ ಬರದಿದ್ಳು. ನಿಮ್ಮ ಮ್ಯಾಲ ಸಿಟ್ಟಿಲ್ಲ, ಈ ವರ್ಷ ಓದು ಬಿಡ್ತೀನಿ ಅಂತ.

ಪ್ರಮಿಳಾ ವಿಷಯ. ಫೆಬ್ರವರಿಯಿಂದ ದಿನಾ ಹೋಗಿ ಸಮಾಜ ಓದಿ ಹೇಳ್ತಿದ್ದೆ. ಮಗ್ಗ ನಡಿಯುವಾಗ ಹಿತ್ತಲದಾಗ ಕುಂದರ್ತಿದ್ವಿ, ಆದ್ರೂ ಸಪ್ಪಳ. ಕೇಳಿದ್ದು ಉಳಿಯೂದಿಲ್ಲ ಅಕ್ಕಾ, ಬೆರಳಿಗೆ ಬಂದದ್ದು ಉಳಿತದ ಅಂತಿದ್ಳು. ನಿನ್ನೆ ಫಲಿತಾಂಶ ಬಂತು. ಉಳಿದ ಎಲ್ಲಾದರಾಗೂ ಪಾಸ್ ಆಗ್ಯಾಳ, ಸಮಾಜದಾಗ ಹೋಗ್ಯದ. ಕನ್ನಡದಾಗ ಆಕಿ ಓಣಿಗೆಲ್ಲಾ ಹೆಚ್ಚು ಮಾರ್ಕ್ಸ್.

ಮತ್ತ ಕುಂದರಬಹುದು ಅಂತ ಆಕಿ ಅಪ್ಪಗ ಹೇಳಿದೆ. ಅಂವ ಜೋರು ಮಾಡಲಿಲ್ಲ. ಆಕಿ ಕೈ ಮಗ್ಗದ ನೂಲಿನ ಕಂಡಿಕಿ ಸುತ್ತಾಕ ಭಾಳ ಚುರುಕು ಅದಾವ್ರಿ, ನೂಲು ಹರಿಯೂದ ಇಲ್ಲ, ಕಾಣೋರಿಗೂ ಇಷ್ಟು ಬರೂದಿಲ್ಲ ಅಂದ. ಹೆಮ್ಮಿಯಿಂದ ಹೇಳಿದ. ನಾ ಹೊರಡುವಾಗ ಆಕಿ ರಾಟಿ ಮುಂದ ಕುಂತಿದ್ಳು. “ಗಜಾನನ ಸರ್‌ಗೆ ಅವಸರ ಮಾಡಬ್ಯಾಡ್ರಿ ಅನ್ರಿ” ಅಂದ್ಳು.

ಜಿನಮತಿ

*

ಖಾನಾಪುರ
೨ ಜೂನ್ ೨೦೦೧

ಜಿನಮತಿ ಮೇಡಂ,

ಡಿಸ್ಕ್, ಫ್ಲಾಪಿ, ಪತ್ರ ಮೂರೂ ಮುಟ್ಟಿದವು.

ಅಳಿಸಿದ ದಿನ ತಂದಿದ್ರೂ ಸಿಗತಿರಲಿಲ್ಲ ಅಂತ ಬರದೀರಿ. ಜನವರಿ ಪತ್ರದಾಗ ಬ್ಯಾರೆ ಬರದಿದ್ರಿ. ಆ ಸಾಲಿಗೆ ಬಂದಾಗ ರೂಪಾಲಿ ನಿಂತಳು, ಆಮ್ಯಾಲ ಓದಿದ್ಳು. ನೀವು ನನ್ನ ಸಲುವಾಗಿ ಹಂಗ ಬರದೀರಿ ಅಂತ ತಿಳೀತು. ನಾನೂ ಹಿಂಗ ಬರದಿದ್ದೆ, ನಿಮ್ಮ ಸಲುವಾಗಿ. ಅದಕ್ಕ ನಿಮ್ಮ ಮ್ಯಾಲ ತಪ್ಪು ಹೊರಸಾಕ ನಂಗ ಬರೂದಿಲ್ಲ.

ಪುಸ್ತಕ ಬರಿಯೂದು ಬಿಟ್ಟಿಲ್ಲ. ರೂಪಾಲಿ ಓದ್ತಾಳ, ನಾ ಹೊಡೀತೀನಿ. ಈ ಸಲ ಕಿತ್ತೂರು ಪಾಠ ಬಂದಾಗ ಆಕಿ ತಾನ ಸಣ್ಣಗ ಓದಿದ್ಳು. ಮುಗಿದ ಮ್ಯಾಲ ವಡಗಾವಿಗೆ ನಾನ ತಗೊಂಡು ಬರ್ತೀನಿ. ಆಕಿ ಅಪ್ಪ ಅದನ್ನ ಇಸಗೋತಾನೋ ಇಲ್ಲೋ, ಆಕಿಗೆ ರಾಟಿ ಬಿಟ್ಟು ಬೆರಳಾಡಸೂ ಹೊತ್ತು ಸಿಗತೈತೋ ಇಲ್ಲೋ. ಅದು ನಮ್ಮ ಕೈಯಾಗಿಲ್ಲ.

ಇವತ್ತು ಮಧ್ಯಾಹ್ನ ಹಳೇ ಡಿಸ್ಕನ್ನ ಮತ್ತ ಜೋಡಿಸಿ ನಿಮ್ಮ ಹೊಸ ಫ್ಲಾಪಿ ಹಾಕಿದೆ. ಈ ಸಲ ರೂಪಾಲಿನ್ನ ಬಾಜೂಕ ಕುಂದರಿಸಿಕೊಂಡೆ. ಡಬ್ಬಿ ಸಾವಕಾಶ ಹೇಳ್ತು. ಒಂದನೇ ಡಿಸ್ಕ್, ಇಷ್ಟು ಅಳತಿ, ಇಂಥಾ ಕಂಪನಿ, ಒಳಗ ಬರಹ ಐತಿ ಅಂತು. ಎರಡನೇ ಡಿಸ್ಕ್, ಅದರ ಅಳತಿ, ಅದರ ಕಂಪನಿ. ಆಮ್ಯಾಲ ಜರಾ ಸುಮ್ಮನಾತು. ಹುಡುಕಾಕ ಹತ್ತೇತಿ ಅಂತ ಗೊತ್ತಾತು, ಒಳಗ ಡಿಸ್ಕ್ ಕರಕರ ಅಂತಿತ್ತು. ನಾವಿಬ್ಬರೂ ಉಸಿರು ಹಿಡಿದು ಕುಂತಿದ್ವಿ, ಯಾಕಂತ ಗೊತ್ತಿಲ್ಲ.

ಇದರಾಗ ಏನೂ ಇಲ್ಲ, ತಯಾರ ಮಾಡಲೇನು ಅಂತ ಕೇಳ್ತು.

ಬರೋಬರಿ ಹೇಳ್ತ್ರೀ ನಿಮ್ಮ ಟೂಲ್. ರೂಪಾಲಿ ಒಳಗ ಹೋಗ್ಯಾಳ. ಡಬ್ಬಿ ಇನ್ನೂ ಕಾಯಾಕ ಹತ್ತೇತಿ, ನಾ ಉತ್ತರ ಒತ್ತಿಲ್ಲ.

ಗಜಾನನ